ಆರು ತಿಂಗಳ ಎಂಪಿ ಏನು ಕಡಿದು ಗುಡ್ಡೆ ಹಾಕಿದ್ರು?

ನಾನು ಮಂಡ್ಯದವನು ಅಂತ ಗೊತ್ತಾದರೆ ಸಾಕು, ಈ ಪ್ರಶ್ನೆ ಬರುತ್ತದೆ. ‘ಸುಮಲತಾ ಅವರಿಗಿಂತ ಮುಂಚೆ ಆರು ತಿಂಗಳು ಒಬ್ಬರು ಎಂಪಿ ಆಗಿದ್ದರಲ್ಲ, ಅವರೇನು ಮಾಡಿದ್ರು?’ ಹೋದ ತಿಂಗಳು ಒಂದು ಬೀಗರೂಟದಲ್ಲಿ ನಮ್ಮ ಬೆಂಗಳೂರಿನ ಭಾವನೂ ಮುದ್ದೆ ಮುರಿಯುತ್ತಾ ಇದನ್ನೇ ಕೇಳಿದರು. ಹೆಸರು ಮಾತ್ರ ಗೊತ್ತಿಲ್ಲ. ಹೆಸರು ಗೊತ್ತಿಲ್ಲದವರ ಸಾಧನೆ ಇವರಿಗೆ ಯಾಕೆ ಬೇಕೋ!

ಹೆಸರು ಎಲ್.ಆರ್. ಶಿವರಾಮೇಗೌಡ. ನಾಗಮಂಗಲದಿಂದ 1989 ಮತ್ತು 1994ರಲ್ಲಿ ಶಾಸಕರಾಗಿ ಗೆದ್ದವರು. 2018ರ ನವೆಂಬರ್ ಉಪಚುನಾವಣೆಯಲ್ಲಿ ಜೆಡಿಎಸ್‌ನಿಂದ 3 ಲಕ್ಷಕ್ಕೂ ಜಾಸ್ತಿ ಅಂತರದಲ್ಲಿ ಗೆದ್ದರು. ಡಿಸೆಂಬರ್ 11ಕ್ಕೆ ಅಧಿವೇಶನ ಶುರು, ಫೆಬ್ರವರಿ 13ಕ್ಕೆ ಆ ಲೋಕಸಭೆಯ ಕೊನೆಯ ಕಲಾಪ. ಮಧ್ಯೆ ರಜೆ ಬೇರೆ. ಅಷ್ಟರಲ್ಲಿ ಯಾರಾದರೂ ಏನು ಮಾಡಿಯಾರು, ನೀವೇ ಹೇಳಿ. 2019ರಲ್ಲಿ ಟಿಕೆಟ್ ನಿಖಿಲ್ ಕುಮಾರಸ್ವಾಮಿ ಅವರಿಗೆ ಹೋಯಿತು. ಮುಗೀತು.

ನನ್ನನ್ನು ಕೇಳಬೇಕಾದದ್ದು ಇದಲ್ಲ. ಆ ಉಪಚುನಾವಣೆ ಯಾಕೆ ಬಂತು ಅಂತ ಒಬ್ಬರಾದರೂ ಕೇಳಬಾರದಾ? 2009ರಲ್ಲಿ ಗೆದ್ದಿದ್ದ ಚೆಲುವರಾಯಸ್ವಾಮಿ 2013ರಲ್ಲಿ ಶಾಸಕರಾಗಿ ಗೆದ್ದು ಎಂಪಿ ಸೀಟು ಬಿಟ್ಟರು. ಉಪಚುನಾವಣೆಯಲ್ಲಿ ರಮ್ಯಾ ಬಂದರು. 2014ರಲ್ಲಿ ರಮ್ಯಾರನ್ನು ಸೋಲಿಸಿದ ಪುಟ್ಟರಾಜು 2018ರಲ್ಲಿ ಮೇಲುಕೋಟೆ ಶಾಸಕರಾಗಿ ಸೀಟು ಬಿಟ್ಟರು; ಮಂತ್ರಿಯೂ ಆದರು. ಹತ್ತು ವರ್ಷಕ್ಕೆ ನಾಲ್ವರು ಎಂಪಿಗಳು! ಬಿಟ್ಟು ಹೋದವರನ್ನು ಯಾರೂ ಕೇಳುವುದಿಲ್ಲ. ಬಂದು ಕೂತವರಿಗೆ ಮಾತ್ರ ಲೆಕ್ಕ ಕೊಡಿ ಅನ್ನುತ್ತಾರೆ. ಹಾಗಂತ ಬಿಟ್ಟವರನ್ನೂ ಪೂರ್ತಿ ಬೈಯಲಾರೆ. ನಾಲೆಗೆ ನೀರು ಬರದಿದ್ದರೆ ನಾವು ಮೊದಲು ಹೋಗುವುದು ಶಾಸಕರ ಮನೆ ಬಾಗಿಲಿಗೇ ಅಲ್ವಾ?

ಇನ್ನೂ ಒಂದಿದೆ. ಅವಧಿ ಒಂದು ವರ್ಷಕ್ಕಿಂತ ಕಡಿಮೆ ಉಳಿದಿದ್ದರೆ ಉಪಚುನಾವಣೆ ನಡೆಸಲೇಬೇಕು ಅಂತಿಲ್ಲ. ಆ ಲೋಕಸಭೆಯ ಅವಧಿ 2019ರ ಜೂನ್ 3ರವರೆಗೆ. ಮಂಡ್ಯ ಸೀಟು ಖಾಲಿಯಾದದ್ದು 2018ರ ಮೇ 21ಕ್ಕೆ. ಆಂಧ್ರದಲ್ಲಿ ಐದು ಸೀಟು ಖಾಲಿಯಾದದ್ದು ಜೂನ್ 20ಕ್ಕೆ. ಅಲ್ಲಿ ಉಪಚುನಾವಣೆಯೇ ಇಲ್ಲ! ನಮ್ಮದೂ ಎರಡು ವಾರ ತಡವಾಗಿದ್ದರೆ ಈ ಆರು ತಿಂಗಳ ಎಂಪಿ ಕಥೆಯೇ ಇರುತ್ತಿರಲಿಲ್ಲ.

ಇಷ್ಟನ್ನೂ ಭಾವನಿಗೆ ಹೇಳಿದೆ. ತಲೆಯಾಡಿಸುತ್ತಾ ಕೇಳಿದರು. ಮೂಳೆ ಚೀಪಿ ಎಲೆ ಪಕ್ಕಕ್ಕಿಟ್ಟು, ‘ಅದೆಲ್ಲ ಸರಿ, ಅವರಿಗೂ ಪಿಂಚಣಿ ಬರುತ್ತಾ?’ ಅಂದರು.

ಬರುತ್ತೆ ಭಾವ. ಎಷ್ಟು ದಿನ ಎಂಪಿ ಆಗಿದ್ದರು ಅನ್ನುವುದು ಅದಕ್ಕೆ ಲೆಕ್ಕವಿಲ್ಲ. ನನ್ನ ಮುದ್ದೆ ಮಾತ್ರ ತಣ್ಣಗಾಯಿತು.