ಕೋಲಾರಮ್ಮನ ಕೆರೆ ಸಮುದ್ರಕ್ಕೆ ಬಿತ್ತು

ಗುರುವಾರ, 18 ಸೆಪ್ಟೆಂಬರ್ 2025
ಬೆಂಗಳೂರು

ಇವತ್ತು ಕೋಲಾರಮ್ಮನ ಕೆರೆಯನ್ನು ಎತ್ತಿ ಅರಬ್ಬೀ ಸಮುದ್ರಕ್ಕೆ ಹಾಕಿಬಿಟ್ಟೆ.

ಬೆಂಗಳೂರಿನ ಮತ್ತು ಕೋಲಾರದ ಕೆರೆಗಳನ್ನು ಒಂದೇ ನಕ್ಷೆಯಲ್ಲಿ ಕೂರಿಸಬೇಕಿತ್ತು. ಎರಡೂ ಫೈಲ್ ತೆರೆದೆ. ಬೆಳ್ಳಂದೂರು, ವರ್ತೂರು ತಮ್ಮ ಜಾಗದಲ್ಲೇ ಇದ್ದವು. ಕೋಲಾರದ್ದು ಮಾತ್ರ ಒಂದೂ ಇಲ್ಲ. ಝೂಮ್ ಔಟ್ ಮಾಡುತ್ತಾ ಹೋದರೆ ಮಂಗಳೂರಿನಿಂದ ಪಶ್ಚಿಮಕ್ಕೆ ಸುಮಾರು 300 ಕಿಲೋಮೀಟರ್ ದೂರದಲ್ಲಿ, ನಡುಸಮುದ್ರದಲ್ಲಿ, ಸಾಲಾಗಿ ಕೂತಿವೆ!

ಪಕ್ಕದ ಸೀಟಿನವರು ಕೋಲಾರದವರು. ಇಣುಕಿ ನೋಡಿ, "ನೀರಿಲ್ಲ ನೀರಿಲ್ಲ ಅಂತಿದ್ವಿ, ಪೂರ್ತಿ ಸಮುದ್ರಾನೇ ಕೊಟ್ರಾ?" ಅಂದರು.

ತಪ್ಪು ನನ್ನದೇ. ವಲಯ ನೋಡಿರಲಿಲ್ಲ. ದುಂಡಗಿನ ಭೂಮಿಯನ್ನು ಚಪ್ಪಟೆ ಹಾಳೆಗೆ ಇಳಿಸುವುದು ಸುಲಭ ಅಲ್ವಲ್ಲ. ಅದಕ್ಕೇ ಯುಟಿಎಂ ಅನ್ನೋ ನಕ್ಷೆ ಪದ್ಧತಿಯಲ್ಲಿ ಅದನ್ನು ಚಕ್ಕೋತದ ತೊಳೆಗಳ ಹಾಗೆ ಬಿಡಿಸಿಕೊಳ್ಳುತ್ತಾರೆ. ಒಂದೊಂದು ತೊಳೆಯೂ ಒಂದು ವಲಯ. ಒಟ್ಟು 60 ತೊಳೆ, ಒಂದೊಂದು 6 ಡಿಗ್ರಿ ಅಗಲ. ಪ್ರತಿ ತೊಳೆಯ ನಡುವಿನ ರೇಖಾಂಶಕ್ಕೆ 5,00,000 ಮೀಟರ್ ಅಂತ ಬೆಲೆ ಕೊಟ್ಟು, ಅಲ್ಲಿಂದ ಅಳೆಯುತ್ತಾರೆ. ಮೈನಸ್ ಲೆಕ್ಕ ಬರಬಾರದು ಅಂತ. ಹಾಗಾಗಿ ಅದೇ ಅಂಕಿ ಪ್ರತಿ ತೊಳೆಯಲ್ಲೂ ಮತ್ತೆ ಮತ್ತೆ ಬರುತ್ತದೆ.

ನಮ್ಮ ಗ್ರಹಚಾರ ನೋಡಿ. 43ನೇ ತೊಳೆ ಮುಗಿದು 44ನೆಯದು ಶುರುವಾಗುವ ಗೆರೆ 78 ಡಿಗ್ರಿ ಪೂರ್ವ. ಅದು ಹೊಸಕೋಟೆ ದಾಟಿ ಕೋಲಾರ ಸಿಗೋದರೊಳಗೆ ಹಾದುಹೋಗುತ್ತದೆ. ಬೆಂಗಳೂರಿನ ನಡುಗೆರೆ 75, ಕೋಲಾರದ್ದು 81. ಕೋಲಾರದ ಅಂಕಿಗಳನ್ನು 75ರಿಂದ ಅಳೆದರೆ ಸಮುದ್ರಕ್ಕೆ ಬೀಳದೆ ಇನ್ನೆಲ್ಲಿಗೆ ಹೋಗುತ್ತವೆ?

ಕೊನೆಗೆ ಎರಡನ್ನೂ 43ಕ್ಕೇ ತಂದೆ. ಕೆರೆಗಳು ಊರಿಗೆ ಬಂದವು. ಆದರೆ ಕೋಲಾರದ 44ನೇ ತೊಳೆಯ ಚೌಕಳಿ ಗೆರೆಗಳು ನಮ್ಮ 43ರ ಗೆರೆಗಳಿಗಿಂತ ಒಂದು ಡಿಗ್ರಿಗೂ ಜಾಸ್ತಿ ಓರೆ. ರೇಖಾಂಶಗಳೆಲ್ಲ ಧ್ರುವದಲ್ಲಿ ಹೋಗಿ ಸೇರುತ್ತವಲ್ಲ, ಅದರ ಪರಿಣಾಮ. ಇಲ್ಲಿ ಒಂದು ಡಿಗ್ರಿ ರೇಖಾಂಶ ಅಂದರೆ ಸುಮಾರು 108 ಕಿಲೋಮೀಟರ್. ದೆಹಲಿಯಲ್ಲಿ 98 ಅಷ್ಟೇ.

ಬ್ರಿಟಿಷರ ಕಾಲದ ಭೂಮಾಪಕ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಹತ್ತಿರವೇ ಸರಪಳಿ ಎಳೆದು ಅಳತೆ ಮಾಡಿದ್ದ. ಆಮೇಲೆ ಅವನು ಹಿಡಿದ ದೊಡ್ಡ ಅಳತೆಯ ಸಾಲೂ ಹೆಚ್ಚುಕಮ್ಮಿ ಇದೇ 78ರ ಆಸುಪಾಸಿನದು. ಕನ್ಯಾಕುಮಾರಿಯ ಕಡೆಯಿಂದ ಹೊರಟು ಡೆಹ್ರಾಡೂನ್ ಮುಟ್ಟಿತು. ಅವನು 1823ರಲ್ಲಿ ಸತ್ತ. ಅವನ ನಂತರ ಬಂದ ಜಾರ್ಜ್ ಎವರೆಸ್ಟ್ ಅದನ್ನು ಮುಗಿಸಿದ್ದು 1841ರಲ್ಲಿ. ನನಗೆ ಒಂದು ಮಧ್ಯಾಹ್ನ ಹೋಯಿತು, ಅದಕ್ಕೇ ಇಷ್ಟು ಗೊಣಗಾಟ.

ಭಾನುವಾರ ಪಕ್ಕದ ಸೀಟಿನವರು ಊರಿಗೆ ಹೋಗ್ತಾರಂತೆ. ಹೈವೇಯಲ್ಲಿ ಮೊಬೈಲ್‌ನ ಜಿಪಿಎಸ್ ನೋಡ್ತಾ ಇರಿ, 78 ಬಂದ ಜಾಗದ ಫೋಟೋ ಕಳಿಸಿ ಅಂದಿದ್ದೇನೆ. "ಅಲ್ಲಿ ಎಳನೀರು ಸಿಕ್ಕರೆ ಮಾತ್ರ ಗಾಡಿ ನಿಲ್ಸೋದು" ಅಂದರು.