ನಂಗೆ ಬರ್ಲೇ ಇಲ್ಲ

ಅಕ್ಕನ ಮಕ್ಕಳಿಬ್ಬರೂ ಅವಳಿ. ಒಬ್ಬ ಹುಡುಗ, ಒಬ್ಬಳು ಹುಡುಗಿ. ಒಂದೇ ಕಾಲೇಜು, ಇಬ್ಬರದೂ ಪಿಸಿಎಂಬಿ, ಮನೆಯಲ್ಲಿರುವುದು ಒಂದೇ ವೈಫೈ. ಎಸ್ಸೆಸ್ಸೆಲ್ಸಿಯಲ್ಲಿ ಹುಡುಗಿಗೇ ಅಂಕ ಜಾಸ್ತಿ ಬಂದಿತ್ತು. ಈ ಭಾನುವಾರ ದಾವಣಗೆರೆಗೆ ಹೋಗಿದ್ದೆ. ಎಲ್ಲರೂ ಒಗ್ಗರಣೆ ಮಂಡಕ್ಕಿ ತಿನ್ನುತ್ತಾ ಕೂತಿದ್ದಾಗ ಹುಡುಗ ಸುದ್ದಿ ಹೇಳಿದ. ಎಂಜಿನಿಯರಿಂಗ್ ಕೋಚಿಂಗ್‌ಗೆ ಸ್ಕಾಲರ್‌ಶಿಪ್ ಪರೀಕ್ಷೆ ಬರೆಯುತ್ತಿದ್ದಾನಂತೆ. ಪಾಸಾದರೆ ಫೀಸೇ ಇಲ್ಲವಂತೆ. ಹುಡುಗಿ ತಟ್ಟೆಯಿಂದ ತಲೆ ಎತ್ತಿದಳು.

"ನಿಂಗ್ಯಾರು ಹೇಳಿದ್ರು?"

"ಯಾರೂ ಹೇಳಿಲ್ಲ. ಸುಮ್ನೆ ಆ್ಯಡ್ ಬಂತು. ಫೋನಲ್ಲಿ ಬರ್ತಾನೇ ಇತ್ತಲ್ಲ."

"ನಂಗೆ ಬರ್ಲೇ ಇಲ್ಲ."

ಅರ್ಜಿ ಹಾಕುವ ಕೊನೇ ದಿನ ಶುಕ್ರವಾರಕ್ಕೇ ಮುಗಿದಿತ್ತು.

ತಂಗಿಗೆ ಯಾಕೆ ಹೇಳಲಿಲ್ಲ ಅಂತ ಅಕ್ಕ ಅವನನ್ನು ಬೈದಳು. ಅವನು ನಿಜಕ್ಕೂ ಗಾಬರಿಯಾಗಿದ್ದ. "ಅವಳಿಗೂ ಬಂದಿರುತ್ತೆ ಅಂದ್ಕೊಂಡೆ" ಅಂದ. ಅವನ ಮಾತು ನನಗೆ ನಂಬುವ ಹಾಗೇ ಇತ್ತು. ನನ್ನ ಫೋನಿನಲ್ಲಿ ದಿನಕ್ಕೆ ಹತ್ತು ಸಲ ಕಂಡದ್ದು ಪಕ್ಕದಲ್ಲಿ ಕೂತವರಿಗೆ ಒಂದು ಸಲವೂ ಕಂಡಿಲ್ಲ ಅಂತ ಯಾರಿಗೆ ಹೊಳೆಯುತ್ತೆ? ಆದರೆ ಭಾವ ಹೇಳಿದ ಮಾತು ಮಾತ್ರ ನನಗೆ ಇವತ್ತಿಗೂ ಸಿಟ್ಟು ತರಿಸುತ್ತಿದೆ. "ಅವಳು ಏನು ನೋಡ್ತಾಳೋ ಅದನ್ನೇ ಫೋನು ತೋರಿಸುತ್ತೆ. ಓದೋದು ನೋಡಿದ್ರೆ ಓದೋದು ಬರೋದು." ಭಾವ ಒಳ್ಳೆಯವರೇ. ಮಗಳ ಮೇಲೆ ಪ್ರಾಣ ಇಟ್ಟುಕೊಂಡವರು. ಆದರೂ ತಪ್ಪನ್ನು ಎಷ್ಟು ಸಲೀಸಾಗಿ ಅವಳ ತಲೆಗೆ ಕಟ್ಟಿಬಿಟ್ಟರು!

ಇಬ್ಬರ ಫೋನಿನಲ್ಲೂ ಜಾಹೀರಾತಿನ ಸೆಟ್ಟಿಂಗ್ಸ್ ತೆರೆಸಿದೆ. ನಾವು ಯಾರು, ನಮಗೆ ಏನು ಬೇಕು ಅಂತ ಜಾಹೀರಾತು ತೋರಿಸುವ ಕಂಪನಿ ಏನು ಊಹಿಸಿಕೊಂಡಿದೆ ಅನ್ನುವುದು ಅಲ್ಲಿ ಪಟ್ಟಿಯಾಗಿ ಸಿಗುತ್ತೆ. ಹುಡುಗನದ್ದು ಹೀಗಿತ್ತು: ಗಂಡು, ವಯಸ್ಸು 18-24, ಶಿಕ್ಷಣ, ಕಂಪ್ಯೂಟರ್, ಕ್ರಿಕೆಟ್, ಬೈಕು. ಹುಡುಗಿಯದ್ದು: ಹೆಣ್ಣು, 25-34, ಮದುವೆಯಾಗಿದೆ, ಮದುವೆ ಒಡವೆ, ಬ್ಲೌಸ್ ಡಿಸೈನ್, ಚರ್ಮದ ಆರೈಕೆ, ಅಡುಗೆಮನೆ ಸಾಮಾನು. ಅವಳಿಗಿನ್ನೂ ಹದಿನೇಳು.

"ಚಿಕ್ಕಮ್ಮ, ಇದ್ಯಾವುದೂ ನಾನಲ್ಲ" ಅಂದಳು.

ಹೌದು, ಅವಳಲ್ಲ. ಬ್ಲೌಸ್ ಡಿಸೈನ್ ನೋಡಿದ್ದು ಅಕ್ಕ. ಒಡವೆ ನೋಡಿದ್ದು ನಾದಿನಿ ಮದುವೆಗೆ ಅಂತ ಮನೆಯ ಹೆಂಗಸರೆಲ್ಲ ಸೇರಿ. ಮಿಕ್ಸಿ ಜಾರ್ ಹುಡುಕಿಸಿದ್ದು ಅಜ್ಜಿ. ಆ ಮನೆಯಲ್ಲಿ ಯಾರಿಗೆ ಏನು ಬೇಕಾದರೂ "ಪುಟ್ಟಿ, ಫೋನ್ ಕೊಡೇ ಇಲ್ಲಿ" ಅನ್ನುತ್ತಾರೆ. ಹುಡುಗನ ಫೋನನ್ನು ಯಾರೂ ಮುಟ್ಟುವುದಿಲ್ಲ. ಅವನು ಓದ್ತಿರ್ತಾನೆ, ಪಾಪ. ಅವಳ ಓದನ್ನು ಎಷ್ಟು ಸಲ ಬೇಕಾದರೂ ನಿಲ್ಲಿಸಬಹುದು. ಮನೆಯವರು ಕಣ್ಣೆತ್ತಿ ನೋಡದ ಈ ಭೇದವನ್ನು ಫೋನು ಮಾತ್ರ ಒಂದೂ ಬಿಡದೆ ಬರೆದಿಟ್ಟುಕೊಂಡಿದೆ. ಆಮೇಲೆ ಅದನ್ನೇ ಅವಳ ಆಸಕ್ತಿ ಅಂತ ಕರೆದು ಅವಳಿಗೇ ವಾಪಸ್ ಬಡಿಸುತ್ತಿದೆ.

ಬೆಂಗಳೂರಿನಲ್ಲಿ ಒಂದು ಸೀರೆ ಅಂಗಡಿಯ ವೆಬ್‌ಸೈಟ್ ನೋಡಿಕೊಳ್ಳುವುದು ನನ್ನ ಕೆಲಸ. ಯಾವ ಪುಟ, ಯಾವ ಜಾಹೀರಾತು ಯಾರಿಗೆ ಕಾಣಬೇಕು ಅಂತ ವಾರ ವಾರವೂ ಫಾರಂ ತುಂಬುತ್ತೇನೆ. ಊರು, ವಯಸ್ಸು, ಭಾಷೆ, ಆಮೇಲೆ ಮೂರು ಗುಂಡಿ: ಗಂಡು, ಹೆಣ್ಣು, ಎಲ್ಲರೂ. ಇದರಲ್ಲಿ ಉಪಯೋಗವಿಲ್ಲ ಅಂತ ನಾನು ಹೇಳಲ್ಲ. ಹುಬ್ಬಳ್ಳಿಯವರಿಗೆ ಇಳಕಲ್ ಸೀರೆ ಮೊದಲು ಕಂಡರೆ, ಕನ್ನಡದಲ್ಲಿ ಓದುವವರಿಗೆ ಕನ್ನಡದ ಪುಟವೇ ತೆರೆದರೆ ಎಲ್ಲರಿಗೂ ಒಳ್ಳೆಯದೇ ಅಲ್ವಾ? ಆದರೆ "ಎಲ್ಲರೂ" ಅನ್ನುವ ಗುಂಡಿ ಒತ್ತಿದ ಮಾತ್ರಕ್ಕೆ ಎಲ್ಲರಿಗೂ ಸಮನಾಗಿ ಕಾಣುವುದಿಲ್ಲ. ಪ್ರತಿ ಜಾಹೀರಾತಿನ ಜಾಗಕ್ಕೂ ಕ್ಷಣದೊಳಗೆ ಹರಾಜು ನಡೆದುಬಿಡುತ್ತೆ. ಹರೆಯದ ಹುಡುಗಿಯರ ಕಣ್ಣಿಗೆ ಬೀಳಬೇಕು ಅಂತ ಸೀರೆಯವರು, ಒಡವೆಯವರು, ಕ್ರೀಮಿನವರು ಎಲ್ಲರೂ ಮುಗಿಬಿದ್ದು ಬೆಲೆ ಏರಿಸಿರುತ್ತಾರೆ. ಇದ್ದ ದುಡ್ಡಿನಲ್ಲಿ ಆದಷ್ಟು ಜಾಸ್ತಿ ಜನಕ್ಕೆ ತೋರಿಸು ಅಂತ ಹೇಳಿದಾಗ ಯಂತ್ರ ಅಗ್ಗವಾಗಿ ಸಿಗುವ ಕಡೆಗೆ ಹೋಗುತ್ತೆ. ಅಂದರೆ ಹುಡುಗರ ಕಡೆಗೆ.

ಇದು ಬರೀ ನನ್ನ ಅನುಮಾನ ಅಲ್ಲ. ಆನ್ಯಾ ಲಾಂಬ್ರೆಕ್ಟ್ ಮತ್ತು ಕ್ಯಾಥರೀನ್ ಟಕ್ಕರ್ ಅನ್ನುವ ಇಬ್ಬರು ಸಂಶೋಧಕಿಯರು ವಿಜ್ಞಾನ, ತಂತ್ರಜ್ಞಾನದ ಉದ್ಯೋಗಗಳ ಬಗ್ಗೆ ಒಂದು ಜಾಹೀರಾತನ್ನು ಫೇಸ್‌ಬುಕ್‌ನಲ್ಲಿ 191 ದೇಶಗಳಲ್ಲಿ ಹಾಕಿ ನೋಡಿದ್ದರು. ಗಂಡು ಹೆಣ್ಣು ಇಬ್ಬರಿಗೂ ಅಂತಲೇ ಹಾಕಿದ್ದು. ಆದರೂ ಹೆಂಗಸರಿಗಿಂತ ಶೇಕಡಾ 20ಕ್ಕೂ ಹೆಚ್ಚು ಗಂಡಸರಿಗೆ ಅದು ಕಂಡಿತು. ಕಣ್ಣಿಗೆ ಬಿದ್ದಾಗ ಅದನ್ನು ಒತ್ತಿದ್ದು ಹೆಂಗಸರೇ ಜಾಸ್ತಿ. 2019ರಲ್ಲಿ ಬಂದ ಅವರ ಈ ಪ್ರಬಂಧವನ್ನು ಭಾವನಿಗೆ ಕನ್ನಡದಲ್ಲಿ ಓದಿ ಹೇಳಿದೆ. ಅವರು ಏನೂ ಮಾತಾಡದೆ ತಟ್ಟೆ ಎತ್ತಿಕೊಂಡು ಹೋದರು.

ನಮ್ಮಲ್ಲಿ ಕಾನೂನು ಇದೆ. 18 ತುಂಬದವರನ್ನು ಹಿಂಬಾಲಿಸಿ, ಅವರಿಗೇ ಗುರಿಯಿಟ್ಟು ಜಾಹೀರಾತು ತೋರಿಸಬಾರದು ಅಂತ 2023ರ ವೈಯಕ್ತಿಕ ಡೇಟಾ ರಕ್ಷಣೆ ಕಾಯ್ದೆ ಹೇಳುತ್ತೆ. ನಿಯಮಗಳು ಬಂದದ್ದು 2025ರ ನವೆಂಬರ್‌ನಲ್ಲಿ. ಮುಖ್ಯ ಕಟ್ಟಳೆಗಳು ಜಾರಿಯಾಗಲು ಅಲ್ಲಿಂದ 18 ತಿಂಗಳು ಕಾಲಾವಕಾಶ ಕೊಟ್ಟಿದ್ದಾರೆ. ಆದರೆ ನಮ್ಮ ಮಕ್ಕಳ ಖಾತೆಗಳು ಹುಟ್ಟಿದ್ದು ಆರನೇ ಕ್ಲಾಸಿನಲ್ಲಿ, ಆನ್‌ಲೈನ್ ಪಾಠಕ್ಕೆ ಅಂತ. ವಯಸ್ಸು ಸಾಲದೆ ಖಾತೆ ತೆರೆಯಲಿಲ್ಲ ಅಂತ ಹುಟ್ಟಿದ ವರ್ಷ ಹಿಂದಕ್ಕೆ ಹಾಕಿಕೊಟ್ಟವರು ಮನೆಯ ದೊಡ್ಡವರೇ. ಹಾಗಾಗಿ ಕಾಯ್ದೆಯ ಲೆಕ್ಕದಲ್ಲಿ ಮಗುವಾದರೂ ಕಂಪನಿಗಳ ಕಣ್ಣಿಗೆ ಪುಟ್ಟಿ ಮಗುವೇ ಅಲ್ಲ.

ಇನ್ನೂ ಒಂದು ಯೋಚನೆ ನನ್ನನ್ನು ಕಾಡುತ್ತಿದೆ. ಹದಿನೆಂಟರ ಒಳಗಿನವರಿಗೆ ಬರೀ "ತೋರಿಸಬೇಡಿ" ಅಂದರೆ ಸಾಕಾ? ಅವಳಿಗೆ ಆದ ನಷ್ಟ ಏನೋ ಕಂಡದ್ದರಿಂದ ಆದದ್ದಲ್ಲ, ಕಾಣಬೇಕಾದ್ದು ಕಾಣದೇ ಹೋದದ್ದರಿಂದ. ಕಾಣದ್ದರ ಮೇಲೆ ಯಾರ ಹತ್ತಿರ ಅಂತ ದೂರು ಕೊಡುವುದು? ಅಣ್ಣ ಬಾಯಿಬಿಡದಿದ್ದರೆ ಇದು ಅವಳಿಗೆ ಗೊತ್ತೇ ಆಗುತ್ತಿರಲಿಲ್ಲ. ಸಿಇಟಿ ನಡೆಸುವ ನಮ್ಮ ಕೆಇಎ ವೆಬ್‌ಸೈಟನ್ನು ನಾನೇ ಎಷ್ಟೋ ಸಲ ಬೈದಿದ್ದೇನೆ. ಆದರೆ ಸಿಇಟಿ ಪ್ರಕಟಣೆ ಅಲ್ಲಿ ಯಾರು ತೆರೆದು ನೋಡಿದರೂ ಒಂದೇ. ಹುಡುಗಿ ಅಂತ ಯಾವ ಸಾಲೂ ಮಾಯವಾಗುವುದಿಲ್ಲ.

ಸರಿಮಾಡುವುದು ಆಗದ ಮಾತೇನೂ ಅಲ್ಲ. ಅಮೆರಿಕದಲ್ಲಿ ಮನೆ ಬಾಡಿಗೆ, ಮನೆ ಮಾರಾಟದ ಜಾಹೀರಾತುಗಳ ಬಗ್ಗೆ ಸರ್ಕಾರ ಕೇಸು ಹಾಕಿ, 2022ರಲ್ಲಿ ಫೇಸ್‌ಬುಕ್ ನಡೆಸುವ ಮೆಟಾ ಕಂಪನಿಯ ಜೊತೆ ರಾಜಿಯಾಯಿತು. ಯಾರಿಗೆ ಕಾಣಬೇಕಿತ್ತೋ, ನಿಜವಾಗಿ ಯಾರಿಗೆ ಕಂಡಿತೋ, ಈ ಎರಡರ ಅಂತರ ತಗ್ಗಿಸುವ ವ್ಯವಸ್ಥೆಯನ್ನು ಆಮೇಲೆ ಕಂಪನಿ ತಂದಿತು. ಅಲ್ಲಿ ಮನೆಗೆ ಆದದ್ದು ಇಲ್ಲಿ ಓದಿಗೆ, ಸ್ಕಾಲರ್‌ಶಿಪ್ಪಿಗೆ ಯಾಕಾಗಬಾರದು? ನಾವು ಕೇಳಬೇಕು, ಗಟ್ಟಿಯಾಗಿ ಕೇಳಬೇಕು.

ಸೋಮವಾರ ಆ ಕೋಚಿಂಗ್‌ನವರಿಗೆ ಫೋನ್ ಮಾಡಿದೆ. ಮಾತಾಡಿದ ಹುಡುಗ ಮರ್ಯಾದಸ್ತ. "ಮೇಡಂ, ನಾವು ಎಲ್ಲರಿಗೂ ಅಂತಲೇ ಹಾಕಿದ್ವಿ" ಅಂದ. ಇರಬಹುದು. ವರದಿ ತೆರೆದು, ಎಷ್ಟು ಹುಡುಗಿಯರಿಗೆ ಕಂಡಿತ್ತು ಅಂತ ನೋಡಿ ಹೇಳಿ ಅಂದೆ. ಯಾವ ಪುಟದಲ್ಲಿ ಸಿಗುತ್ತೆ ಅನ್ನುವುದನ್ನೂ ಹೇಳಿಕೊಟ್ಟೆ. ಸ್ವಲ್ಪ ಹೊತ್ತು ಕೀಬೋರ್ಡ್ ಸದ್ದು ಕೇಳಿಸಿತು. ಆಮೇಲೆ ನಮ್ಮ ಸರ್‌ನ ಕೇಳ್ಬೇಕು ಮೇಡಂ ಅಂದ. ಅರ್ಜಿ ಹಾಕಲು ಇನ್ನೆರಡು ದಿನ ಕೊಡಿ, ನನ್ನ ಅಕ್ಕನ ಮಗಳಿಗೆ ಮಾತ್ರ ಅಲ್ಲ, ಎಲ್ಲ ಹುಡುಗಿಯರಿಗೂ ಕೊಡಿ ಅಂತ ಬರೆದು ಇಮೇಲ್ ಕಳಿಸಿದ್ದೇನೆ. ಅವರ ಸರ್ ಉತ್ತರಕ್ಕೆ ಕಾಯುತ್ತಿದ್ದೇನೆ.