ಜೇಡಿ ಗದ್ದೆಯಲ್ಲಿ ಬೀಜದ ಆಳ

ನಾಟಿಗೆ ಆಳು ಸಿಗೋದಿಲ್ಲ ಅಂತ ನಮ್ಮ ಕೊಡಗಿನ ಗೋಣಿಕೊಪ್ಪ ಕಡೆ ಕೆಲವರು ಮಳೆಗೆ ಮುಂಚೆ ಬಿತ್ತನೆ ಯಂತ್ರದಲ್ಲೇ ಭತ್ತ ಹಾಕಿಸುತ್ತಾರೆ. ನಾನು ಟ್ರಾಕ್ಟರ್ ಓಡಿಸುವವನು. ಬಿತ್ತಿದ ಮೇಲೆ ಬರುವ ದೂರು ಹೆಚ್ಚುಕಮ್ಮಿ ಒಂದೇ: "ಅರ್ಧ ಗದ್ದೆ ಹುಟ್ಟಿದೆ, ಅರ್ಧ ಇಲ್ಲ, ಬೀಜ ಸರಿಯಿಲ್ಲ."

ಬೀಜವನ್ನು ಬೈಯುವ ಮೊದಲು ಒಂದು ಸಸಿ ಕಿತ್ತು ನೋಡಿ. ಕಾಳಿನಿಂದ ಹಸಿರು ಶುರುವಾಗುವವರೆಗೆ ಬೆಳ್ಳಗೆ ಇರುತ್ತದಲ್ಲ, ಹೆಚ್ಚುಕಮ್ಮಿ ಅದೇ ಬೀಜ ಬಿದ್ದ ಆಳ. ಭತ್ತಕ್ಕೆ 2ರಿಂದ 3 ಸೆಂ.ಮೀ. ಸಾಕು. ಜೇಡಿಯಲ್ಲಿ 5 ದಾಟಿದರೆ ಮೊಳಕೆ ಮೇಲೆ ಬರೋಕೆ ಒದ್ದಾಡುತ್ತದೆ, ಮೇಲೇ ಬಿದ್ದರೆ ಹಕ್ಕಿ ಪಾಲು.

ನಮ್ಮ ಗದ್ದೆಗಳ ತೊಂದರೆ ಏನಂದ್ರೆ, ಮೇಲೆ ಕಾಫಿ ತೋಟ, ಕೆಳಗೆ ಗದ್ದೆ, ಗುಡ್ಡದ ಬುಡದಲ್ಲಿ ಒರತೆ ಜಿನುಗುತ್ತಲೇ ಇರುತ್ತದೆ, ಹಾಗಾಗಿ ಒಂದೇ ಗದ್ದೆಯಲ್ಲಿ ಒಂದು ಬದಿ ಅಂಟು, ಇನ್ನೊಂದು ಬದಿ ಕಲ್ಲಿನಂಥ ಹೆಂಟೆ. ಹಸಿ ಕಡೆ ಬಿತ್ತನೆ ಯಂತ್ರದ ಆಳ ಕಾಯುವ ಚಕ್ರಕ್ಕೆ ಮಣ್ಣು ಮೆತ್ತಿಕೊಂಡು ಚಕ್ರವೇ ದಪ್ಪಗಾಗುತ್ತದೆ, ಯಂತ್ರ ಮೇಲೇಳುತ್ತದೆ, ಬೀಜ ಮೇಲೇ ಉಳಿಯುತ್ತದೆ. ಒಣ ಕಡೆ ಹೆಂಟೆಗಳ ಸಂದಿಯಲ್ಲಿ ಕಾಳು ಎಲ್ಲೋ ಆಳಕ್ಕೆ ಜಾರುತ್ತದೆ. ಆಳ ಹೊಂದಿಸುವ ಬೋಲ್ಟ್ ಎಷ್ಟು ತಿರುಗಿಸಿದರೂ ಇದು ಸರಿಹೋಗಲ್ಲ. ಮಣ್ಣು ಹಿಡಿದು ಉಂಡೆ ಮಾಡಿ, ಬೆರಳಲ್ಲಿ ಒತ್ತಿದರೆ ಪುಡಿಯಾಗಬೇಕು. ಹಿಟ್ಟಿನ ಹಾಗೆ ಮೆತ್ತಗೆ ಚಪ್ಪಟೆಯಾದರೆ ಆ ಬದಿ ಬಿಟ್ಟು ಬನ್ನಿ, ಒಣಗಿದ ಮೇಲೆ ಬಿತ್ತಿದರಾಯ್ತು. ಹಸಿಯಲ್ಲಿ ಬಿತ್ತಿದರೆ ಸಾಲಿನ ಗೋಡೆ ಸವರಿದ ಹಾಗೆ ನುಣ್ಣಗಾಗಿ, ಬಿಸಿಲು ಬಿದ್ದ ಕೂಡಲೇ ಸಾಲು ಬಾಯಿ ಬಿಡುತ್ತದೆ.

ಇನ್ನು ಟ್ರಾಕ್ಟರ್ ಕಡೆ. ಡ್ರಾಫ್ಟ್ ಕಂಟ್ರೋಲ್‌ನಲ್ಲಿ, ಅಂದ್ರೆ ಎಳೆತದ ಭಾರ ನೋಡಿ ಯಂತ್ರ ಎತ್ತಿ ಇಳಿಸುವ ವ್ಯವಸ್ಥೆಯಲ್ಲಿ, ಇಟ್ಟು ಬಿತ್ತಬೇಡಿ. ಗಟ್ಟಿ ಮಣ್ಣು ಸಿಕ್ಕ ಕೂಡಲೇ ಹೈಡ್ರಾಲಿಕ್ ತಾನೇ ಯಂತ್ರ ಎತ್ತುತ್ತದೆ, ಉಳುಮೆಗೆ ಅದು ಸರಿ, ಬಿತ್ತನೆಗೆ ಅಲ್ಲ. ಯಂತ್ರದ ಭಾರ ಅದರ ಚಕ್ರದ ಮೇಲೇ ಕೂರಲಿ. ಟಾಪ್ ಲಿಂಕ್, ಅಂದ್ರೆ ಯಂತ್ರವನ್ನು ಟ್ರಾಕ್ಟರ್‌ಗೆ ಮೇಲ್ಗಡೆ ಜೋಡಿಸುವ ಸರಳು, ಅದರ ಉದ್ದ ಹೆಚ್ಚುಕಮ್ಮಿಯಾದರೆ ಯಂತ್ರದ ಮುಂದಿನ ಸಾಲಿನ ತಾಳು (ಮಣ್ಣು ಸೀಳುವ ಕಬ್ಬಿಣದ ಕಾಲು) ಒಂದು ಆಳ, ಹಿಂದಿನ ಸಾಲಿನದು ಇನ್ನೊಂದು. ಟಯರ್ ತುಳಿದ ಜಾಗ ತಗ್ಗಾಗಿ ಗಟ್ಟಿಯಾಗಿರುತ್ತದೆ, ಅದರ ಹಿಂದಿನ ತಾಳುಗಳನ್ನು ಸ್ವಲ್ಪ ಇಳಿಸಿಕೊಳ್ಳಬೇಕು, ಇದನ್ನು ಯಾರೂ ಮಾಡಲ್ಲ. ಯಂತ್ರವನ್ನು ಟ್ರಾಕ್ಟರ್ ಚಲಿಸುತ್ತಿರುವಾಗಲೇ ಇಳಿಸಿ, ನಿಂತಲ್ಲೇ ಇಳಿಸಿದರೆ ಬೀಜದ ಕೊಳವೆ ಬಾಯಿಗೆ ಜೇಡಿ ತುಂಬಿಕೊಳ್ಳುತ್ತದೆ, ಆ ಸಾಲು ಪೂರ್ತಿ ಖಾಲಿ.

ಮಾಲೀಕರಿಗೂ ಒಂದು ಮಾತು. ಬಾಡಿಗೆ ಗಂಟೆ ಲೆಕ್ಕ ಅಲ್ವಾ, ನಾವು ಇಳಿದು ಚಕ್ರದ ಮಣ್ಣು ಕೆರೆಯುತ್ತಿದ್ದರೆ "ಸುಮ್ನೆ ಟೈಮ್ ಹಾಳು ಮಾಡ್ತಾನೆ" ಅಂತ ಏರಿ ಮೇಲೆ ನಿಂತು ವಾಚ್ ನೋಡುತ್ತಾರೆ. ಎಕರೆ ಲೆಕ್ಕ ಮಾತಾಡಿಕೊಳ್ಳಿ, ಇಬ್ಬರಿಗೂ ತಲೆನೋವಿಲ್ಲ.